ಮುಂಡಗೋಡಿನ ಮಕ್ಕಳೆಲ್ಲ ಒಂದೇ ಪ್ರೌಢಶಾಲೆಯಲ್ಲಿ ಕಲಿಯಬೇಕೆ?

ಪರ

ಉತ್ತರ ಕನ್ನಡದ ಪೂರ್ವದ ಅಂಚಿನಲ್ಲಿರುವ ಮುಂಡಗೋಡಿನ ಸಂತೆಯಲ್ಲಿ ಅರ್ಧ ಗಂಟೆ ನಿಂತರೆ ಕನ್ನಡ, ಉರ್ದು, ಕೊಂಕಣಿ, ಮರಾಠಿ, ಲಂಬಾಣಿ, ಟಿಬೆಟಿಯನ್ ಮಾತುಗಳೆಲ್ಲ ಕಿವಿಗೆ ಬೀಳುತ್ತವೆ. ಕಾಡಂಚಿನಿಂದ ಬಂದ ಸಿದ್ದಿಗಳು, ಹೈನು ಮಾರುವ ಗೌಳಿಗರು, 1966ರಿಂದ ಇಲ್ಲಿಯೇ ನೆಲೆಸಿರುವ ಟಿಬೆಟಿಯನ್ನರು ಒಂದೇ ಅಂಗಡಿಯ ಮುಂದೆ ಚೌಕಾಸಿ ಮಾಡುತ್ತಾರೆ. ಅವರ ಮಕ್ಕಳು ಮಾತ್ರ ಶಾಲೆಯ ಗಂಟೆ ಹೊಡೆದೊಡನೆ ಬೇರೆ ಬೇರೆ ಗೇಟುಗಳೊಳಗೆ ಹೋಗುತ್ತಾರೆ. ದೊಡ್ಡವರು ಸಂತೆಯಲ್ಲಿ ಸಾಧಿಸಿಕೊಂಡಿರುವ ಬಳಕೆಯನ್ನು ಶಾಲೆ ಮಕ್ಕಳಿಂದ ಕಸಿದುಕೊಳ್ಳುವುದು ವಿಚಿತ್ರವಾಗಿಯೇ ಇದೆ.

ಜಾತಿ, ಧರ್ಮ, ಆರ್ಥಿಕ ಸ್ಥಿತಿಗಳ ಭೇದವಿಲ್ಲದೆ ಒಂದು ಪ್ರದೇಶದ ಮಕ್ಕಳೆಲ್ಲ ಕಲಿಯುವ ನೆರೆಹೊರೆ ಶಾಲೆಯನ್ನು 1964-66ರ ಕೊಠಾರಿ ಶಿಕ್ಷಣ ಆಯೋಗವು ಶಿಫಾರಸು ಮಾಡಿತ್ತು. ಇದರ ಹಿಂದಿನ ಲೆಕ್ಕಾಚಾರ ಸರಳವಾದುದು: ಸ್ಥಿತಿವಂತರ ಮಕ್ಕಳೂ ಅಲ್ಲಿಯೇ ಕುಳಿತಿದ್ದರೆ ಶಾಲೆಯ ಸೋರುವ ಮಾಡಿನ ಬಗ್ಗೆ ದನಿ ಎತ್ತುವವರಿರುತ್ತಾರೆ, ಬಡವರದ್ದೇ ಶಾಲೆಯಾದರೆ ಕೇಳುವವರಿರುವುದಿಲ್ಲ.

ಇನ್ನೊಂದು ಕಾರಣವೂ ಇದೆ. ಸಿದ್ದಿಗಳ ಪೂರ್ವಜರು ಆಫ್ರಿಕಾದ ಪೂರ್ವ ಕರಾವಳಿಯಿಂದ ಬಂದು ಶತಮಾನಗಳೇ ಕಳೆದಿವೆ, ಆದರೂ ಅಚ್ಚಗನ್ನಡದಲ್ಲಿ ಉತ್ತರಿಸುವ ಸಿದ್ದಿ ಹುಡುಗನಿಗೆ ಬಸ್ಸಿನಲ್ಲಿ “ನಿಮ್ಮದು ಯಾವ ದೇಶ?” ಎಂಬ ಪ್ರಶ್ನೆ ತಪ್ಪಿಲ್ಲ. 1980ರ ದಶಕದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವು ಸಿದ್ದಿ ಮಕ್ಕಳನ್ನು ಹುಡುಕಿ ತರಬೇತಿ ಕೊಟ್ಟಿತು, ಅದು ಒಳ್ಳೆಯದೇ. ಆದರೆ ಅಂದಿನಿಂದ ಸಿದ್ದಿ ಎಂದರೆ ಓಟಗಾರ ಎಂಬ ಇನ್ನೊಂದು ಅಚ್ಚು ಸಿದ್ಧವಾಯಿತು. ಎಂಟರಿಂದ ಹತ್ತನೆಯ ತರಗತಿಯವರೆಗೆ ಮೂರು ವರ್ಷ ಒಂದೇ ಬೆಂಚಿನಲ್ಲಿ ಕುಳಿತ ಸಹಪಾಠಿಗೆ ಆತನ ಕಾಲಿನ ವೇಗಕ್ಕಿಂತ ಮೊದಲು ಆತನ ಗಣಿತ, ತುಂಟತನ, ಕೈಬರಹಗಳು ಪರಿಚಯವಾಗುತ್ತವೆ.

ವಿರೋಧ

ಪ್ರತ್ಯೇಕ ಶಾಲೆ ಎಂದೊಡನೆ ಅದನ್ನು ತಿರಸ್ಕಾರವೆಂದು ಬಗೆಯುವುದು ಅವಸರದ ತೀರ್ಮಾನ. ನೆಹರೂ ಸರ್ಕಾರವು 1961ರಲ್ಲಿ ಟಿಬೆಟಿಯನ್ ಮಕ್ಕಳಿಗೆಂದೇ ಶಾಲೆಗಳನ್ನು ನಡೆಸುವ ಸಂಸ್ಥೆಯನ್ನು ಸ್ಥಾಪಿಸಿತು. ನಿರಾಶ್ರಿತರ ಮಕ್ಕಳನ್ನು ಊರೂರಿನ ಶಾಲೆಗಳಿಗೆ ಹಂಚಿಬಿಟ್ಟರೆ ಅವರ ಭಾಷೆ, ಲಿಪಿಗಳು ಹೆಚ್ಚು ಕಾಲ ಉಳಿಯಲಾರವು ಎಂಬ ಅಂಜಿಕೆ ಅದರ ಹಿಂದಿತ್ತು. ಮುಂಡಗೋಡಿನ ಕ್ಯಾಂಪಿನಲ್ಲಿ ಹುಟ್ಟಿದ ಮೂರನೆಯ ತಲೆಮಾರು ಇಂದಿಗೂ ಟಿಬೆಟಿಯನ್ ಓದಿ ಬರೆಯುವುದಕ್ಕೆ ಆ ಪ್ರತ್ಯೇಕತೆಯೇ ಕಾರಣ.

ಅದೇ ಸೀಮೆಯ ಸಿದ್ದಿಗಳಿಗೆ ಒದಗಿದ್ದು ಬಹುಮಟ್ಟಿಗೆ ಎಲ್ಲರ ಶಾಲೆಯೇ. ಅವರ ಮನೆಮಾತಾದ ಸಿದ್ದಿ ಕೊಂಕಣಿಗೆ ಸ್ವಂತ ಲಿಪಿಯಿಲ್ಲ, ತರಗತಿಯಲ್ಲಿ ಸ್ಥಾನವೂ ಇಲ್ಲ. ಸಿದ್ದಿಗಳಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತರೆಲ್ಲರೂ ಇರುವುದರಿಂದ ಅಲ್ಪಸಂಖ್ಯಾತರ ಸಂಸ್ಥೆಗಳೂ ಅವರನ್ನು ಒಟ್ಟಾಗಿ ತಮ್ಮವರೆಂದು ಎಣಿಸಲಾರವು. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಸಮುದಾಯದ ಶಾಂತಾರಾಮ ಸಿದ್ದಿ ಅವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡದ್ದು 2020ರಲ್ಲಿ. ಇಷ್ಟು ತಡವಾದುದಕ್ಕೆ ಶಾಲೆಯೊಂದೇ ಹೊಣೆಯಲ್ಲ, ಮತ್ತು ಟಿಬೆಟಿಯನ್ ಶಾಲೆಗಳಿಗೆ ಕೇಂದ್ರದ ಹಾಗೂ ಹೊರದೇಶಗಳ ನೆರವಿತ್ತು ಎಂಬುದನ್ನೂ ಒಪ್ಪಲೇಬೇಕು. ಆದರೂ ಪಕ್ಕಪಕ್ಕದಲ್ಲಿರುವ ಈ ಎರಡು ಸಮುದಾಯಗಳನ್ನು ಹೋಲಿಸಿದಾಗ, ತನ್ನದೆನ್ನುವ ಶಾಲೆ ಇದ್ದವರು ಉಳಿಸಿಕೊಂಡದ್ದೆಷ್ಟು, ಇಲ್ಲದವರು ಕಳೆದುಕೊಂಡದ್ದೆಷ್ಟು ಎಂಬುದು ಕಣ್ಣಿಗೆ ಹೊಡೆಯುತ್ತದೆ.

ದಾಖಲಾತಿ ಪುಸ್ತಕದಲ್ಲಿ ಹತ್ತು ಸಮುದಾಯಗಳ ಹೆಸರಿದ್ದ ಮಾತ್ರಕ್ಕೆ ತರಗತಿಯಲ್ಲಿ ಬೆರೆಯುವಿಕೆ ಆಯಿತೆಂದಲ್ಲ. ನಲವತ್ತು ಮಕ್ಕಳ ನಡುವೆ ಒಬ್ಬಳೇ ಸಿದ್ದಿ ಹುಡುಗಿ ಇದ್ದರೆ ಅವಳ ಗುಂಗುರು ಕೂದಲಿಗೆ ಮೊದಲ ವಾರದಲ್ಲೇ ಒಂದು ಅಡ್ಡಹೆಸರು ಬೀಳುತ್ತದೆ. ಪರವಾದಿಗಳು ಹೇಳುವ ಗಣಿತದ ಪರಿಚಯ ಆಗುವ ಹೊತ್ತಿಗೆ ಅವಳು ಶಾಲೆಯನ್ನೇ ಬಿಟ್ಟಿರಬಹುದು. ತನ್ನಂಥ ಮಕ್ಕಳೇ ಇರುವ ವಸತಿ ಶಾಲೆಯಲ್ಲಿ, ಬೇರೆ ಕೊರತೆ ಏನೇ ಇರಲಿ, ಅವಳು ಒಂಟಿಯಾಗಿರುವುದಿಲ್ಲ.

ಮಾತೃಭಾಷೆಯಲ್ಲಿ ಬೋಧನೆಯ ಸೌಲಭ್ಯ ಕಲ್ಪಿಸಬೇಕೆನ್ನುವ ಸಂವಿಧಾನದ 350ಎ ವಿಧಿ ಪ್ರಾಥಮಿಕ ಹಂತಕ್ಕಷ್ಟೇ ಸೀಮಿತವಾಗಿರುವುದರಿಂದ, ಎಂಟನೆಯ ತರಗತಿಗೆ ಬರುವ ಸಿದ್ದಿ ಅಥವಾ ಗೌಳಿ ಮಗು ಆ ವಿಧಿಯ ಹೆಸರಿನಲ್ಲಿ ಏನನ್ನೂ ಕೇಳುವಂತಿಲ್ಲ. ಎಲ್ಲರನ್ನೂ ಒಂದೇ ಶಾಲೆಗೆ ಸೇರಿಸುವ ಮೊದಲು ಆ ಮಗುವಿನ ಮನೆಮಾತು ಬಲ್ಲ ಒಬ್ಬ ಶಿಕ್ಷಕರನ್ನಾದರೂ ಅಲ್ಲಿಗೆ ನೇಮಿಸಬೇಕು. ಅಲ್ಲಿಯವರೆಗೆ ಪ್ರತ್ಯೇಕ ಶಾಲೆ, ವಸತಿ ನಿಲಯಗಳನ್ನು ಮುಚ್ಚುವ ಮಾತು ಬೇಡ.