ಅಲ್ಲಿ ಕಂಡ ಗುಳ್ಳೆಗೆಲ್ಲ ಟ್ಯೂಬು ಬೇಡ

ಜನನಾಂಗದ ಮೇಲೆ ಒಂದು ಗುಳ್ಳೆ ಕಂಡರೆ ನಮ್ಮ ಕಡೆ ಹುಡುಗರು ಮೊದಲು ಹೋಗುವುದು ಮೆಡಿಕಲ್ ಶಾಪಿಗೆ. ಅದೂ ತಮ್ಮ ಓಣಿಯದ್ದಲ್ಲ. ಹರಿಹರದವರು ದಾವಣಗೆರೆಗೆ, ಚಳ್ಳಕೆರೆಯವರು ಚಿತ್ರದುರ್ಗಕ್ಕೆ ಹೋಗಿ, ಗುರುತಿನವರು ಯಾರೂ ಇಲ್ಲ ಅಂತ ಖಾತ್ರಿ ಮಾಡಿಕೊಂಡು ಕ್ರೀಮಿನ ಟ್ಯೂಬು ಜೇಬಿಗಿಳಿಸಿಕೊಂಡು ಬರುತ್ತಾರೆ. ಹೆಣ್ಣುಮಕ್ಕಳು ಅವ್ವನಿಗೂ ಹೇಳದೆ ವರ್ಷಗಟ್ಟಲೆ ಕೊರಗುತ್ತಾರೆ. ಅಲ್ಲಿ ಕಾಣುವ ಎಷ್ಟೋ ಗುಳ್ಳೆಗಳು ರೋಗವೇ ಅಲ್ಲ ಅಂತ ಯಾರೂ ಇವರಿಗೆ ಹೇಳಿರುವುದಿಲ್ಲ.

ಗಂಡಸರಲ್ಲಿ ಹೆಚ್ಚು ಗಾಬರಿ ಹುಟ್ಟಿಸುವುದು ಶಿಶ್ನದ ತುದಿಯ ಅಂಚಿನ ಸುತ್ತ ಒಂದೆರಡು ಸಾಲಾಗಿ ಬರುವ ಗುಳ್ಳೆಗಳು. 1ರಿಂದ 2 ಮಿ.ಮೀ. ಗಾತ್ರ, ಎಲ್ಲವೂ ಹೆಚ್ಚುಕಡಿಮೆ ಒಂದೇ ಎತ್ತರ, ಚರ್ಮದ್ದೇ ಬಣ್ಣ ಇಲ್ಲವೇ ಬಿಳುಪು. ಡಾಕ್ಟರುಗಳು ಪರ್ಲಿ ಪೆನೈಲ್ ಪ್ಯಾಪ್ಯೂಲ್ಸ್ ಅನ್ನುತ್ತಾರೆ. ಹರೆಯದಲ್ಲಿ ಮೂಡುತ್ತವೆ, ನೋವಿಲ್ಲ, ತುರಿಕೆಯಿಲ್ಲ. ಯಾರಿಂದಲೂ ಅಂಟಿದ್ದಲ್ಲ, ಯಾರಿಗೂ ಅಂಟುವುದಿಲ್ಲ. ಹಸ್ತಮೈಥುನಕ್ಕೂ ಇದಕ್ಕೂ ಸಂಬಂಧವಿಲ್ಲ. ಹೆಂಗಸರಲ್ಲೂ ಇಂಥದ್ದೇ ಇದೆ: ಒಳತುಟಿಗಳ ಒಳಬದಿ ಎರಡೂ ಕಡೆ ಸಮನಾಗಿ ಬರುವ ಮೆತ್ತನೆಯ ಮೊನೆಗಳು. ಇವನ್ನು ನರಹುಲಿ ಅಂತ ತಪ್ಪು ತಿಳಿಯುವುದೇ ಹೆಚ್ಚು. ಬುಡ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಇಲ್ಲಿ ಪ್ರತಿ ಮೊನೆಗೂ ಬುಡ ಬೇರೆ. ನರಹುಲಿಯಾದರೆ ಒಂದೇ ಬುಡದಿಂದ ಹೂಕೋಸಿನ ಹಾಗೆ ಕವಲೊಡೆದಿರುತ್ತದೆ, ಒರಟಾಗಿರುತ್ತದೆ, ದಿನ ಕಳೆದಂತೆ ಹೆಚ್ಚಬಹುದು.

ಚರ್ಮ ಎಳೆದಾಗ ಹೆಚ್ಚು ಎದ್ದು ಕಾಣುವ ಹಳದಿ-ಬಿಳಿ ಚುಕ್ಕೆಗಳು ಫೋರ್ಡೈಸ್ ಸ್ಪಾಟ್ಸ್, ಅಂದರೆ ಕೂದಲಿಲ್ಲದ ಜಾಗದಲ್ಲಿರುವ ಎಣ್ಣೆಗ್ರಂಥಿಗಳು. ತುಟಿಯ ಅಂಚಿನಲ್ಲೂ ಇವೇ ಬರುತ್ತವೆ. ವೃಷಣ ಚೀಲದ ಮೇಲೆ ವಯಸ್ಸಾದಂತೆ ಕಾಣುವ ಕಡುಗೆಂಪು ಚುಕ್ಕೆಗಳು ಹಿಗ್ಗಿದ ರಕ್ತನಾಳಗಳು. ಕೆರೆದರೆ ರಕ್ತ ಬರುತ್ತದೆ, ಬಿಟ್ಟರೆ ಏನೂ ಇಲ್ಲ. ಅದೇ ಚರ್ಮದಲ್ಲಿ ಗಟ್ಟಿಯಾದ, ನೋವಿಲ್ಲದ ಬಿಳಿ ಗಂಟುಗಳಿದ್ದರೆ ಸಿಸ್ಟ್, ಅಂದರೆ ಚರ್ಮದೊಳಗಿನ ಚೀಲದಂಥ ಗಂಟು, ಇರಬಹುದು, ಹಿಸುಕಬೇಡಿ. ಹಿಸುಕಿದರೆ ಒಳಗೇ ಒಡೆದು ಕೀವಾಗುತ್ತದೆ.

ಶೇವಿಂಗ್ ಮಾಡಿದ ಎರಡು-ಮೂರು ದಿನಕ್ಕೆ ಕೆಂಪಗೆ ಉರಿಯುವ ಗುಳ್ಳೆ ಸಾಮಾನ್ಯವಾಗಿ ಒಳಮುಖವಾಗಿ ಬೆಳೆದ ಕೂದಲು. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು 10-15 ನಿಮಿಷ, ದಿನಕ್ಕೆ ಮೂರು ಸಲ ಇಟ್ಟರೆ ಸಾಕು. ರೇಜರ್ ಬಿಟ್ಟು ಟ್ರಿಮ್ಮರ್ ಬಳಸಿ. ಕುರು ಮತ್ತೆ ಮತ್ತೆ ಏಳುತ್ತಿದ್ದರೆ ಶುಗರ್ ಟೆಸ್ಟ್ ಮಾಡಿಸಿ.

ನನಗೆ ಸಿಟ್ಟು ಬರುವುದು ಆ ಟ್ಯೂಬಿನ ಮೇಲೆ. ಅದರಲ್ಲಿ ಬಹಳ ಸಲ ಇರುವುದು ಕ್ಲೋಬೆಟಸಾಲ್ ಅಥವಾ ಬೀಟಾಮೆಥಸೋನ್ ಎಂಬ ಜೋರು ಸ್ಟೀರಾಯ್ಡ್, ಜೊತೆಗೊಂದು ಫಂಗಸ್ ಔಷಧಿ. ಎರಡೇ ದಿನದಲ್ಲಿ ತುರಿಕೆ ನಿಲ್ಲುತ್ತದೆ, ಹಾಗಾಗಿ ಜನ ನಂಬುತ್ತಾರೆ. ಆದರೆ ಸ್ಟೀರಾಯ್ಡ್ ಚರ್ಮದ ಪ್ರತಿರೋಧವನ್ನೇ ಅಡಗಿಸುವುದರಿಂದ ತೊಡೆಸಂದಿನ ಗಜಕರ್ಣ ಒಳಗೊಳಗೇ ಹರಡುತ್ತದೆ. ಆ ಭಾಗದ ಚರ್ಮ ಮೊದಲೇ ತೆಳು. ಔಷಧಿ ಬೇಗ ಹೀರಿಕೊಂಡು ಇನ್ನಷ್ಟು ತೆಳುವಾಗುತ್ತದೆ, ತೊಡೆಯಲ್ಲಿ ಬಾಸುಂಡೆಯಂಥ ಗೆರೆಗಳು ಬೀಳುತ್ತವೆ. ಆ ಗೆರೆ ಪೂರ್ತಿ ಮಾಯುವುದಿಲ್ಲ. ಡಾಕ್ಟರ ಚೀಟಿಯಿಲ್ಲದೆ ಇಂಥ ಕ್ರೀಮು ಕೊಡುವುದು, ಕೇಳುವುದು ಎರಡೂ ನಿಲ್ಲಬೇಕು. ನರಹುಲಿಗೆ ಸುಣ್ಣ-ಸೋಡಾ ಹಚ್ಚುವುದು ಕೂಡ. ಅಲ್ಲಿ ಅದು ಸುಟ್ಟಗಾಯ ಮಾಡುತ್ತದೆ, ಅಷ್ಟೇ.

ಹಾಗಾದರೆ ಡಾಕ್ಟರ ಹತ್ತಿರ ಯಾವಾಗ ಹೋಗಬೇಕು? ಹೊಸ ಸಂಗಾತಿಯ ಜೊತೆ ಲೈಂಗಿಕ ಸಂಪರ್ಕವಾದ ಮೇಲೆ ಹೊಸದಾಗಿ ಮೂಡಿದ್ದು ಏನೇ ಇರಲಿ, ತೋರಿಸಿ. ಗುಂಪಾಗಿ ಬಂದು ಒಡೆದು ಉರಿಯುವ ನೀರುಗುಳ್ಳೆ ಹರ್ಪಿಸ್ ಎಂಬ ವೈರಸ್ ಸೋಂಕು ಇರಬಹುದು. ನಡುವೆ ತಗ್ಗಿರುವ ದುಂಡನೆಯ ಗುಳ್ಳೆ ಮೊಲಸ್ಕಮ್ ಎಂಬ ಇನ್ನೊಂದು ವೈರಸ್ ಸೋಂಕು ಇರಬಹುದು. ರಾತ್ರಿ ಹೊತ್ತು ಮನೆಮಂದಿಗೆಲ್ಲ ತುರಿಕೆ, ಬೆರಳ ಸಂದಿಯಲ್ಲೂ ಗುಳ್ಳೆ ಇದ್ದರೆ ಕಜ್ಜಿ. ಮನೆಯವರೆಲ್ಲ ಒಂದೇ ದಿನ ಔಷಧಿ ಹಚ್ಚಿಕೊಳ್ಳಬೇಕು. ನೋವಿಲ್ಲದ, ಬುಡ ಗಟ್ಟಿಯಾದ ಒಂದೇ ಹುಣ್ಣನ್ನು ಹಗುರವಾಗಿ ತಗೋಬೇಡಿ. ಸಿಫಿಲಿಸ್ ಎಂಬ ಲೈಂಗಿಕ ರೋಗದ ಹುಣ್ಣು ಸಂಪರ್ಕವಾಗಿ ಸುಮಾರು ಮೂರು ವಾರಕ್ಕೆ ಬಂದು, ಕೆಲವು ವಾರದಲ್ಲಿ ತಾನೇ ಮಾಯುತ್ತದೆ, ರೋಗ ಮಾತ್ರ ಒಳಗೇ ಇರುತ್ತದೆ. ಆರಂಭದಲ್ಲೇ ತೋರಿಸಿದರೆ ಸಾಮಾನ್ಯವಾಗಿ ಒಂದು ಸಲದ ಪೆನಿಸಿಲಿನ್ ಇಂಜೆಕ್ಷನ್ ಸಾಕು. ಸಂಗಾತಿಗೂ ಪರೀಕ್ಷೆ ಬೇಕು. ಎರಡು ವಾರವಾದರೂ ಮಾಯದ ಹುಣ್ಣು ಯಾವ ವಯಸ್ಸಿನಲ್ಲೂ ಸುಮ್ಮನೆ ಬಿಡುವಂಥದ್ದಲ್ಲ.

ದಾವಣಗೆರೆಯಲ್ಲಾದರೆ ಚಿಗಟೇರಿ ಆಸ್ಪತ್ರೆ, ಚಿತ್ರದುರ್ಗದಲ್ಲಾದರೆ ಜಿಲ್ಲಾಸ್ಪತ್ರೆ. ಚರ್ಮರೋಗ ವಿಭಾಗ ಅಂತ ಕೇಳಿದರೆ ಸಾಕು, ಕಾರಣ ಕೌಂಟರಿನಲ್ಲಿ ಹೇಳಬೇಕಿಲ್ಲ. ಸರ್ಕಾರದ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಲೈಂಗಿಕ ಸೋಂಕುಗಳಿಗೆ ಔಷಧಿ ಉಚಿತ. ಫೋನಿನಲ್ಲಿ ಕೇಳಬೇಕಾದರೆ ಸರ್ಕಾರದ ಏಡ್ಸ್ ಸಹಾಯವಾಣಿ 1097, ಅದೂ ಉಚಿತ. ಹೋಗುವ ಮುಂಚೆ ಏನೂ ಹಚ್ಚಬೇಡಿ, ಹಚ್ಚಿದ್ದರೆ ಟ್ಯೂಬು ಜೊತೆಗೆ ಒಯ್ಯಿರಿ.

ಎರಡು ಸಂದರ್ಭದಲ್ಲಿ ಬೆಳಗಾಗುವ ತನಕ ಕಾಯಬೇಡಿ. ಸಕ್ಕರೆ ಕಾಯಿಲೆಯವರಿಗೆ ಆ ಭಾಗ ಊದಿ, ಜ್ವರ ಬಂದು, ಚರ್ಮ ಕಪ್ಪಾಗುತ್ತಿದ್ದರೆ. ಮತ್ತೆ ಹುಡುಗರಿಗೆ ವೃಷಣದಲ್ಲಿ ಇದ್ದಕ್ಕಿದ್ದಂತೆ ತೀವ್ರ ನೋವು ಬಂದರೆ. ವೃಷಣಕ್ಕೆ ರಕ್ತ ಒಯ್ಯುವ ನಾಳ ತಿರುಚಿಕೊಂಡಿದ್ದರೆ ಅದನ್ನು ಉಳಿಸಿಕೊಳ್ಳಲು ಸುಮಾರು 6 ಗಂಟೆ ಮಾತ್ರ ಸಮಯ. ರಾತ್ರಿ ಎರಡಾಗಿದ್ದರೂ ಮನೆಯವರನ್ನು ಎಬ್ಬಿಸಿ, ಎಮರ್ಜೆನ್ಸಿಗೆ ಹೊರಡಿ.