ಒಂದೂಕಾಲು ಪುಟದ ತಜ್ಞರು

ಇವತ್ತು ಗ್ರಾಹಕರ ಆಯೋಗದಿಂದ ಹೊರಬರುವಾಗ ತಲೆ ಕೆಟ್ಟು ಹೋಗಿತ್ತು. ಮನೆಗೆ ಬಂದು ಎರಡು ಲೋಟ ಕಾಫಿ ಕುಡಿದರೂ ಸಿಟ್ಟು ಇಳಿದಿಲ್ಲ. ಅದಕ್ಕೇ ಇಲ್ಲಿ ಕಾರಿಕೊಳ್ಳುತ್ತಿದ್ದೇನೆ. ರಾಜಕೀಯದ ಪೋಸ್ಟ್ ಅಂತ ಬಂದವರು ಹಾಗೇ ಮುಂದೆ ಹೋಗಿ.

ನನ್ನ ಕಕ್ಷಿದಾರರ ಮಗನಿಗೆ ಡಿಪ್ರೆಶನ್ ಅಂತ ವರ್ಷಗಟ್ಟಲೆ ಮಾತ್ರೆ ಕೊಟ್ಟರು. ಇದ್ದದ್ದು ಬೈಪೋಲಾರ್: ಮನಸ್ಸು ಕೆಲವು ಕಾಲ ಕುಗ್ಗಿ, ಕೆಲವು ಕಾಲ ಮೇನಿಯಾ ಅನ್ನುವ ಅತಿಯಾದ ಹುಮ್ಮಸ್ಸಿಗೆ ಏರುವ ಕಾಯಿಲೆ. ಇಂಥವರಿಗೆ ಬರೀ ಡಿಪ್ರೆಶನ್ ಮಾತ್ರೆ ಕೊಡುತ್ತಾ ಹೋದರೆ ಕೆಲವರಲ್ಲಿ ಮೇನಿಯಾ ಕೆರಳುತ್ತದೆ. ಇವನಿಗೂ ಕೆರಳಿತು. ನಿದ್ದೆ ಇಲ್ಲ, ಮಾತು ನಿಲ್ಲುವುದಿಲ್ಲ, ಕಂಡವರ ಹತ್ತಿರ ಸಾಲ. ಕೆಲಸ ಹೋಯಿತು. ಕೊನೆಗೆ ಬೇರೆ ಕಡೆ ಅಡ್ಮಿಟ್ ಮಾಡಿದಾಗ ನಿಜವಾದ ಕಾಯಿಲೆ ಗೊತ್ತಾಯಿತು. (ಗುರುತು ಸಿಗಬಾರದು ಅಂತ ಒಂದಿಷ್ಟು ವಿವರ ಬದಲಿಸಿದ್ದೇನೆ. ಯಾವ ಊರು, ಯಾವ ಆಸ್ಪತ್ರೆ ಅಂತ ಇನ್‌ಬಾಕ್ಸಿಗೆ ಬರಬೇಡಿ.)

ಮೊದಲು ಚಿಕಿತ್ಸೆ ಕೊಟ್ಟ ಡಾಕ್ಟರ ಮೇಲೆ ನಿರ್ಲಕ್ಷ್ಯದ ಕೇಸು ಹಾಕಿದ್ದೇವೆ. ಆ ಚಿಕಿತ್ಸೆ ಸರಿಯಿತ್ತಾ ಅಂತ ಆಯೋಗದವರು ಬೇರೆ ಮನೋವೈದ್ಯರೊಬ್ಬರ ಅಭಿಪ್ರಾಯ ಕೇಳಿದ್ದರು. ಅದು ಇವತ್ತು ಕೈಗೆ ಬಂತು. ಒಂದೂಕಾಲು ಪುಟ. ಚಿಕಿತ್ಸೆ ಕ್ರಮವಾಗಿಯೇ ನಡೆದಿದೆಯಂತೆ, ನಿರ್ಲಕ್ಷ್ಯ ಏನೂ ಕಾಣಲಿಲ್ಲವಂತೆ. ಕೆಳಗೆ ಸಹಿ, ಸೀಲು. ಆ ಕಾಲು ಪುಟ ಸೀಲಿಗೇ ಹೋಗಿದೆ.

ಯಾವ ದಾಖಲೆ ಓದಿದರು? ಬರೆದಿಲ್ಲ. ಹುಡುಗನನ್ನು ನೋಡಿದರಾ? ಇಲ್ಲ. ಅವನ ತಾಯಿಯನ್ನು ಮಾತಾಡಿಸಿದರಾ? ಅದೂ ಇಲ್ಲ. ಮೊದಲನೇ ದಿನದ ಓಪಿಡಿ ಚೀಟಿಯಲ್ಲೇ ಚಿಕಿತ್ಸೆ ಕೊಟ್ಟ ಡಾಕ್ಟರು ಸ್ವಂತ ಕೈಯಲ್ಲಿ ಬರೆದ ಒಂದು ಸಾಲಿದೆ: ಹಿಂದೊಮ್ಮೆ ಒಂದು ವಾರ ನಿದ್ದೆ ಇಲ್ಲದೆ ಭಾರೀ ಹುಮ್ಮಸ್ಸಿನಲ್ಲಿದ್ದ. ಸೋದರಮಾವ ಲಿಥಿಯಂ ತಗೊಳ್ಳುತ್ತಾರೆ (ಬೈಪೋಲಾರಿಗೆ ಕೊಡುವ ಔಷಧಿ ಅದು). ಇಷ್ಟು ಬರೆದುಕೊಂಡ ಮೇಲೆ ಮುಂದೆ ಕೇಳಬೇಕಾದ ಪ್ರಶ್ನೆಗಳು ಮನೋವೈದ್ಯಕೀಯದ ಮೊದಲ ಪಾಠದಲ್ಲೇ ಇರುತ್ತವೆ. ಆ ಸಾಲಿನ ಬಗ್ಗೆ ನಮ್ಮ ತಜ್ಞರು ಒಂದಕ್ಷರ ಬರೆದಿಲ್ಲ. ಓದಿ ಬಿಟ್ಟರೋ, ಓದದೇ ಬಿಟ್ಟರೋ ದೇವರೇ ಬಲ್ಲ.

ಕಾಯಿಲೆ ತಪ್ಪಾಗಿ ಗುರುತಿಸಿದ ಮಾತ್ರಕ್ಕೆ ಅದು ನಿರ್ಲಕ್ಷ್ಯ ಆಗುವುದಿಲ್ಲ. ಇದು ನನಗೂ ಗೊತ್ತು. ಆದರೆ ತಜ್ಞರು ಹೇಳಬೇಕಾದದ್ದು ಬೇರೆಯೇ ಇದೆ. ಆ ದಿನ, ಅಷ್ಟೇ ಮಾಹಿತಿ ಕೈಯಲ್ಲಿದ್ದಾಗ, ಒಬ್ಬ ಸಾಧಾರಣ ಮನೋವೈದ್ಯರು ಏನು ಕೇಳುತ್ತಿದ್ದರು? ಥೈರಾಯ್ಡ್ ಕಮ್ಮಿಯಾದರೂ ಡಿಪ್ರೆಶನ್ ಥರಾನೇ ಕಾಣುತ್ತದೆ, ಅದನ್ನು ನೋಡಿಸಿದರಾ? ಆಮೇಲೆ ಎಲ್ಲಕ್ಕಿಂತ ಕಷ್ಟದ ಪ್ರಶ್ನೆ: ಸರಿಯಾದ ಔಷಧಿ ಆಗಲೇ ಶುರು ಮಾಡಿದ್ದರೆ ಈ ಅನಾಹುತ ತಪ್ಪುತ್ತಿತ್ತಾ? ಬೈಪೋಲಾರ್ ಹೇಗಿದ್ದರೂ ಇತ್ತಲ್ಲ. ಹಾಳಾದದ್ದರಲ್ಲಿ ಕಾಯಿಲೆಯ ಪಾಲೆಷ್ಟು, ತಡವಾದದ್ದರ ಪಾಲೆಷ್ಟು? ಇದನ್ನು ಬಿಡಿಸಿ ಹೇಳಲು ಕರಿಕೋಟಿನ ನನಗೆ ಆಗುವುದಿಲ್ಲ, ಆಯೋಗದ ಸದಸ್ಯರಿಗೂ ಆಗುವುದಿಲ್ಲ. ಅದಕ್ಕೇ ತಜ್ಞರು ಬೇಕಾದದ್ದು. ನಿರ್ಲಕ್ಷ್ಯ ಇಲ್ಲ ಅಂತ ತೀರ್ಪು ಕೊಡುವುದಕ್ಕಲ್ಲ, ಸ್ವಾಮಿ! ಅದಕ್ಕೆ ಆಯೋಗ ಇದೆ.

ತಮಾಷೆ ನೋಡಿ, ಡಾಕ್ಟರ ಮೇಲಿನ ಕೇಸುಗಳಲ್ಲಿ ಎಲ್ಲರೂ ಹಿಡಿದು ಎಳೆಯುವ ಬೋಲಮ್ ಸೂತ್ರ ಹುಟ್ಟಿದ್ದೇ ಲಂಡನ್ನಿನ ಒಂದು ಮಾನಸಿಕ ಆಸ್ಪತ್ರೆಯ ಕೇಸಿನಲ್ಲಿ. ಡಿಪ್ರೆಶನ್ ಇದ್ದ ಬೋಲಮ್ ಅನ್ನುವವರಿಗೆ 1954ರಲ್ಲಿ ಸ್ನಾಯು ಸಡಿಲಿಸುವ ಔಷಧಿ ಕೊಡದೆ ಕರೆಂಟ್ ಚಿಕಿತ್ಸೆ ಕೊಟ್ಟರು. ಸೊಂಟದ ಮೂಳೆ ಮುರಿಯಿತು. ವೃತ್ತಿಯಲ್ಲಿ ಬಲ್ಲವರ ಒಂದು ಗುಂಪು ಒಪ್ಪುವ ರೀತಿಯಲ್ಲಿ ನಡೆದುಕೊಂಡಿದ್ದರೆ ಅದು ನಿರ್ಲಕ್ಷ್ಯ ಅಲ್ಲ ಅನ್ನುವ ಮಾತು 1957ರಲ್ಲಿ ಅಲ್ಲಿಂದ ಬಂತು. ಬೋಲಮ್ ಸೋತರು. ನಮ್ಮ ಸುಪ್ರೀಂ ಕೋರ್ಟು 2005ರ ಜೇಕಬ್ ಮ್ಯಾಥ್ಯೂ ಕೇಸಿನಲ್ಲಿ ಅದನ್ನೇ ಒಪ್ಪಿತು. ಆದರೆ ಇಂಗ್ಲೆಂಡಿನವರೇ 1997ರ ಬೊಲಿಥೋ ಕೇಸಿನಲ್ಲಿ ಒಂದು ಮಾತು ಸೇರಿಸಿದರು: ತಜ್ಞರ ಮಾತು ತರ್ಕಕ್ಕೆ ನಿಲ್ಲಬೇಕು. ಒಂದೂಕಾಲು ಪುಟದಲ್ಲಿ ತರ್ಕ ಎಲ್ಲಿದೆ, ನಿಲ್ಲಿಸಿ ನೋಡುವುದಕ್ಕೆ?

ತಜ್ಞರ ಹಂಗು ಯಾಕೆ, 2010ರ ಕಿಶನ್ ರಾವ್ ತೀರ್ಪು ಇದೆಯಲ್ಲ ಅಂತ ನನ್ನ ಜೂನಿಯರ್ ಕೇಳಿದ. ಹೈದರಾಬಾದಿನ ಆ ಕೇಸಿನಲ್ಲಿ ಕಿಶನ್ ರಾವ್ ಅವರ ಹೆಂಡತಿಗೆ ಇದ್ದದ್ದು ಮಲೇರಿಯಾ, ಆಸ್ಪತ್ರೆಯವರು ಕೊಟ್ಟದ್ದು ಟೈಫಾಯ್ಡ್ ಔಷಧಿ. ಆಕೆ ತೀರಿಕೊಂಡರು. ಗಂಡ ಕೆಲಸ ಮಾಡುತ್ತಿದ್ದದ್ದು ಮಲೇರಿಯಾ ಇಲಾಖೆಯಲ್ಲೇ! ಎಲ್ಲ ಕೇಸಿಗೂ ತಜ್ಞರ ಅಭಿಪ್ರಾಯ ಕಡ್ಡಾಯ ಅಲ್ಲ ಅಂತ ಸುಪ್ರೀಂ ಕೋರ್ಟು ಅಲ್ಲಿ ಹೇಳಿತು. ಆದರೆ ಟೈಫಾಯ್ಡಿಗೆ ವಿಡಾಲ್ ಟೆಸ್ಟ್ ಇದೆ, ರಿಪೋರ್ಟ್ ಮುಂದಿಟ್ಟರೆ ಆಯಿತು. ಬೈಪೋಲಾರಿಗೆ ಯಾವ ರಕ್ತ ಪರೀಕ್ಷೆ? ಇಲ್ಲಿ ತಜ್ಞರಿಲ್ಲದೆ ಒಂದು ಹೆಜ್ಜೆ ಇಡುವ ಹಾಗಿಲ್ಲ. ಅದಕ್ಕೇ ಈ ಒಂದೂಕಾಲು ಪುಟ ಹೊಟ್ಟೆ ಉರಿಸುವುದು.

ಡಾಕ್ಟರ್ ಗೆಳೆಯರು ಏನು ಬರೆಯುತ್ತೀರಿ ಅಂತ ನನಗೆ ಗೊತ್ತು. ಮನಸ್ಸಿನ ಕಾಯಿಲೆ ಹೋಗುತ್ತಾ ಹೋಗುತ್ತಾ ಬಣ್ಣ ಬದಲಿಸುತ್ತದೆ, ಎಲ್ಲ ಮುಗಿದ ಮೇಲೆ ಹಿಂದೆ ತಿರುಗಿ ನೋಡಿ ಹೇಳುವುದು ಸುಲಭ, ಹೀಗೆ ಕೇಸು ಹಾಕಿದರೆ ಯಾರೂ ಈ ಕಡೆ ಬರುವುದಿಲ್ಲ. ಸರಿ ಸಾರ್, ಒಪ್ಪಿದೆ. ಹಾಗಾದರೆ ಅದನ್ನೇ ವರದಿಯಲ್ಲಿ ಬರೆಯಿರಿ! ಆ ಸಾಲು ಓದಿದ್ದೇನೆ, ಇಂಥಿಂಥ ಕಾರಣಕ್ಕೆ ಅದರಿಂದ ಬೈಪೋಲಾರ್ ಅನ್ನಲು ಬರುತ್ತಿರಲಿಲ್ಲ ಅಂತ ನಾಲ್ಕು ಪುಟ ಬರೆದಿದ್ದರೆ ನಾನು ಸುಮ್ನೆ ಕೂತು ಓದುತ್ತಿದ್ದೆ. ಬಹುಶಃ ರಾಜಿಗೂ ಕೂರುತ್ತಿದ್ದೆ. ಸೋಲುವುದು ನನಗೇನು ಹೊಸದಲ್ಲ.

ಮನೋವೈದ್ಯರ ಮೇಲೆ ನನಗೆ ದ್ವೇಷ ಅಂದುಕೊಳ್ಳಬೇಡಿ. ಇದನ್ನು ಇಲ್ಲಿ ಯಾವತ್ತೂ ಬರೆದಿರಲಿಲ್ಲ. ನಾನೇ ರಾತ್ರಿ ಒಂದು ಮಾತ್ರೆ ನುಂಗಿ ಮಲಗುವವನು. ಅದನ್ನು ಬರೆದುಕೊಟ್ಟ ಡಾಕ್ಟರು ಮೊದಲನೇ ದಿನ ಮುಕ್ಕಾಲು ಗಂಟೆ ನನ್ನ ಮಾತು ಕೇಳಿದರು. ಹೆಂಡತಿಯನ್ನು ಬೇರೆ ಕೂರಿಸಿಕೊಂಡು ಕೇಳಿದರು. ನಮ್ಮ ಅಜ್ಜನ ಸಿಟ್ಟಿನ ತನಕ ಕೇಳಿದರು. ಹೇಗೆ ಕೇಳಬೇಕು ಅಂತ ಗೊತ್ತಿರುವವರು ಇದ್ದಾರೆ. ಅದಕ್ಕೇ ನನಗೆ ಜಾಸ್ತಿ ಸಿಟ್ಟು.

ಇಂಗ್ಲೆಂಡಿನ ಜೋನ್ಸ್ ವಿರುದ್ಧ ಕೇನಿ ಕೇಸನ್ನು ನಮ್ಮ ತಜ್ಞರಿಗೆ ಯಾರಾದರೂ ಓದಿಸಬೇಕು. ತಿರುವಿನಲ್ಲಿ ಬೈಕು ನಿಲ್ಲಿಸಿಕೊಂಡು ಕಾಯುತ್ತಿದ್ದವನಿಗೆ ಕುಡಿದವನೊಬ್ಬ ಕಾರು ಗುದ್ದಿಸಿದ. ಆಘಾತದಿಂದ ಇವನ ಮನಸ್ಸಿಗೆ ಪೆಟ್ಟಾಗಿದೆ ಅಂತ ಅವನ ಕಡೆಯ ಮನಶ್ಶಾಸ್ತ್ರಜ್ಞೆ ಮೊದಲು ಬರೆದುಕೊಟ್ಟರು. ಆಮೇಲೆ ಎದುರು ಪಾರ್ಟಿಯ ಮನೋವೈದ್ಯರ ಜೊತೆ ಫೋನಿನಲ್ಲಿ ಮಾತಾಡಿ, ಅವರು ಬರೆದು ಕಳಿಸಿದ ಜಂಟಿ ಹೇಳಿಕೆಗೆ ಹಾಗೇ ಸಹಿ ಹಾಕಿದರು ಅನ್ನುವುದು ಆರೋಪ. ಬೈಕಿನವನ ಮಾತು ನಂಬುವ ಹಾಗಿಲ್ಲ ಅನ್ನುವ ಅರ್ಥ ಅದರಲ್ಲಿತ್ತು. ಕೇಸು ಕಮ್ಮಿ ದುಡ್ಡಿಗೆ ರಾಜಿಯಾಯಿತು. ಅವನು ತನ್ನ ತಜ್ಞೆಯ ಮೇಲೇ ಕೇಸು ಹಾಕಿದ. ಪರಿಣತ ಸಾಕ್ಷಿಯ ಮೇಲೆ ಅವರನ್ನು ನೇಮಿಸಿದವರು ನಿರ್ಲಕ್ಷ್ಯದ ಕೇಸು ಹಾಕಬಹುದು ಅಂತ ಅಲ್ಲಿನ ಸುಪ್ರೀಂ ಕೋರ್ಟು 2011ರಲ್ಲಿ ಹೇಳಿತು. ಸಹಿಗೂ ಒಂದು ಬೆಲೆ ಇದೆ ಅಲ್ವಾ?

ನಾಳೆ ಕೂತು ನಮ್ಮ ತಜ್ಞರಿಗೆ ಪ್ರಶ್ನಾವಳಿ ಬರೆಯುತ್ತೇನೆ. ಒಂದೂಕಾಲು ಪುಟಕ್ಕಿಂತ ಉದ್ದ ಇರುತ್ತದೆ, ಅದಂತೂ ಗ್ಯಾರಂಟಿ. ಮನೆಯಲ್ಲಿ ಇಂಥ ತೊಂದರೆ ಇರುವವರು ಕೇಸು ಹಾಕುತ್ತೀರೋ ಇಲ್ಲವೋ, ಚೀಟಿಗಳನ್ನು ಮಾತ್ರ ಎಸೆಯಬೇಡಿ. ಆಸ್ಪತ್ರೆಗೆ ಅರ್ಜಿ ಕೊಟ್ಟು ದಾಖಲೆ ಕೇಳಿ. ಕೇಳಿದ 72 ಗಂಟೆಯೊಳಗೆ ಕೊಡಬೇಕು ಅಂತ 2002ರ ವೈದ್ಯಕೀಯ ಮಂಡಳಿಯ ನಿಯಮ ಇದೆ. ದಾಖಲೆ ನೋಡುವ ಹಕ್ಕು ರೋಗಿಗೆ ಇದೆ ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆಯೂ ಹೇಳುತ್ತದೆ. ಗ್ರಾಹಕರ ಆಯೋಗಕ್ಕೆ ಹೋಗಲು ಎರಡು ವರ್ಷದ ಗಡುವು. ಅರ್ಜಿ ಕೊಟ್ಟಿದ್ದಕ್ಕೆ ಸ್ವೀಕೃತಿ ಸೀಲು ಹಾಕಿಸಿಕೊಳ್ಳುವುದು ಮರೀಬೇಡಿ.