ಫೋಟೊಗೆ ಅಡಿ ಲೆಕ್ಕ ಹೇಳಿದವರು ಯಾರು?

ನಮ್ಮ ಬಳ್ಳಾರಿಯಲ್ಲೂ ಈಗ ಅಲ್ಲೊಂದು ಇಲ್ಲೊಂದು ಮನೆಯ ಜಾಹೀರಾತಿಗೆ 360 ಡಿಗ್ರಿ ಫೋಟೊ ಹಾಕುತ್ತಿದ್ದಾರೆ. ಕೋಣೆಯ ನಡುವೆ ಕ್ಯಾಮೆರಾ ಇಟ್ಟು ಒಂದು ಕ್ಲಿಕ್, ಸಾಫ್ಟ್‌ವೇರ್ ತಾನೇ ಗೋಡೆ ಮೂಲೆ ಹುಡುಕಿ ಪ್ಲಾನ್ ಬಿಡಿಸಿ ಕೊಡುತ್ತದೆ. ಮೂಲೆ ಹುಡುಕುವುದರ ಬಗ್ಗೆ ನನ್ನ ತಕರಾರಿಲ್ಲ, ಅದು ಚೆನ್ನಾಗೇ ಮಾಡುತ್ತದೆ. ಪ್ಲಾನ್ ಮೇಲೆ 10.37 ಅಡಿ ಅಂತ ಬರೆದಿರುತ್ತದಲ್ಲ, ತಕರಾರು ಅದರ ಮೇಲೆ.

ಒಂದೇ ಫೋಟೊದಲ್ಲಿ ಅಡಿಯೂ ಇರುವುದಿಲ್ಲ, ಮೀಟರೂ ಇರುವುದಿಲ್ಲ. ಇರುವುದು ಬರೀ ಕೋನ. ಕ್ಯಾಮೆರಾ ಮಟ್ಟದಿಂದ ಗೋಡೆಯ ಬುಡ ಎಷ್ಟು ಡಿಗ್ರಿ ಕೆಳಗೆ ಕಾಣುತ್ತದೆ ಅಂತ ನೋಡಿ, ಕ್ಯಾಮೆರಾ ಎತ್ತರವನ್ನು ಆ ಕೋನದ ಟ್ಯಾನ್‌ನಿಂದ ಭಾಗಿಸಿದರೆ ದೂರ ಸಿಗುತ್ತದೆ. 45 ಡಿಗ್ರಿ ಕೆಳಗಿದ್ದರೆ ಗೋಡೆ ಕ್ಯಾಮೆರಾ ಎತ್ತರದಷ್ಟೇ ದೂರ. ಅಂದರೆ ಇಡೀ ಮನೆ ಆ ಒಂದು ಎತ್ತರದ ಮೇಲೆ ನಿಂತಿದೆ. ಇಂಥ ಸಾಫ್ಟ್‌ವೇರ್‌ನ ಎಷ್ಟೋ ಕೋಡ್‌ಗಳಲ್ಲಿ ಅದನ್ನು ಸುಮ್ನೆ 1.6 ಮೀಟರ್ ಅಂತ ಇಟ್ಟುಬಿಡುತ್ತಾರೆ. ಹುಡುಗ ಟ್ರೈಪಾಡ್ ಇಳಿಸಿ 1.4 ಮೀಟರಿಗೆ ಇಟ್ಟಿದ್ದರೆ? 120 ಚದರ ಅಡಿಯ ಕೋಣೆ ಪ್ಲಾನ್‌ನಲ್ಲಿ ಸುಮಾರು 157 ಆಗುತ್ತದೆ. ಬಾಡಿಗೆ ಮಾತಾಡುವಾಗ ಇದು ಸಣ್ಣ ವ್ಯತ್ಯಾಸ ಅಲ್ಲ.

ಇಂಥ ಸಾಫ್ಟ್‌ವೇರ್ ಎಷ್ಟು ಚೆನ್ನಾಗಿದೆ ಅಂತ ಸಂಶೋಧಕರು ಕೊಡುವ ಅಂಕಗಳಲ್ಲಿ ಈ ತಪ್ಪು ಕಾಣಿಸುವುದೇ ಇಲ್ಲ. ಅಲ್ಲಿ ಸಾಮಾನ್ಯವಾಗಿ ನೋಡುವುದು ಊಹಿಸಿದ ಕೋಣೆ ನಿಜವಾದ ಕೋಣೆಯ ಮೇಲೆ ಎಷ್ಟು ಭಾಗ ಕೂರುತ್ತದೆ ಅಂತ. ಒಂದೇ ಊಹೆಯ ಎತ್ತರ ಹಿಡಿದು ಎರಡನ್ನೂ ಒಂದೇ ಪ್ರಮಾಣದಲ್ಲಿ ಹಿಗ್ಗಿಸಿದರೆ ಅಂಕ ಬದಲಾಗುವುದಿಲ್ಲ. 2021ರಲ್ಲಿ ಬಂದ ಜಿಲ್ಲೋ ಇಂಡೋರ್ ಡೇಟಾಸೆಟ್ (ಅಮೆರಿಕದ ಮನೆ ಮಾರಾಟದ ಕಂಪನಿ ಜಿಲ್ಲೋ ಕೊಟ್ಟ ಮನೆಗಳ 360 ಡಿಗ್ರಿ ಫೋಟೊ, ಪ್ಲಾನ್‌ಗಳ ಸಂಗ್ರಹ) ಮಾಡಿದ್ದು ನನಗೆ ಇಷ್ಟ. ಕ್ಯಾಮೆರಾ ಎತ್ತರವನ್ನೇ 1 ಅಂತ ಹಿಡಿದು, ಮೀಟರಿಗೆ ತರುವ ಗುಣಕವನ್ನು ಬೇರೆಯಾಗಿ ಕೊಡುತ್ತಾರೆ. ನಮ್ಮ ಹಿರಿಯರು ಮನೆಯನ್ನು ಅಂಕಣದಲ್ಲಿ, ಅಂದರೆ ಕಂಬಗಳ ನಡುವಿನ ಜಾಗದ ಲೆಕ್ಕದಲ್ಲಿ, ಹೇಳುತ್ತಿದ್ದ ಹಾಗೆ. ಐದಂಕಣದ ಮನೆ ಅಂದರೆ ಆಕಾರ ಗೊತ್ತಾಗುತ್ತದೆ, ಅಡಿ ಬೇಕಿದ್ದರೆ ಕಂಬದಿಂದ ಕಂಬಕ್ಕೆ ಅಳೆದುಕೊಳ್ಳಬೇಕು.

ದಶಾಂಶದ ವಿಷಯಕ್ಕೆ ಬಂದರೆ, ಮೂಲೆ ಹುಡುಕುವ ಇಂಥ ಎಐ ಮಾಡೆಲ್‌ಗಳಿಗೆ ಕೊಡುವ ಫೋಟೊ ಹೆಚ್ಚಾಗಿ 1024 × 512 ಪಿಕ್ಸೆಲ್. ಗೋಡೆಯ ಬುಡ ಒಂದೇ ಒಂದು ಪಿಕ್ಸೆಲ್ ಸಾಲು ತಪ್ಪಿದರೆ 3 ಮೀಟರ್ ದೂರದಲ್ಲಿ ನಾಲ್ಕೈದು ಸೆಂಟಿಮೀಟರ್ ಹೋಗುತ್ತದೆ. 6 ಮೀಟರ್ ದೂರದಲ್ಲಿ ಸುಮಾರು 15. ಇನ್ನು 10.37 ಎಲ್ಲಿಂದ ಬಂತು?

ದಿಕ್ಕಿನದು ಇನ್ನೊಂದು ಗೋಳು. 3ಡಿ ಚಿತ್ರ ಮಾಡುವ ಬ್ಲೆಂಡರ್ ಸಾಫ್ಟ್‌ವೇರ್‌ನಲ್ಲಿ ಜೆಡ್ ಅಕ್ಷ ಮೇಲಕ್ಕೆ, ಗೇಮ್ ಮಾಡುವ ಯೂನಿಟಿಯಲ್ಲಿ ವೈ ಮೇಲಕ್ಕೆ, ಅದೂ ಎಡಗೈ ಪದ್ಧತಿ, ಅಂದರೆ ಬ್ಲೆಂಡರ್‌ನ ಬಲಗೈ ಪದ್ಧತಿಯ ಕನ್ನಡಿ ರೂಪ. ಫೋಟೊ ಓದುವ ಕೋಡ್ ಸಂಗ್ರಹ ಓಪನ್‌ಸಿವಿಯಲ್ಲಿ ವೈ ಕೆಳಕ್ಕೆ. ಗ್ರಾಫ್‌ನಲ್ಲಿ ಮೇಲೆ ಹೋದಷ್ಟೂ ಸಂಖ್ಯೆ ಜಾಸ್ತಿ, ಚಿತ್ರದಲ್ಲಿ ಕೆಳಗೆ ಬಂದಷ್ಟೂ ಜಾಸ್ತಿ. ಇದನ್ನು ಯಾರೂ ಬರೆದಿಡದಿದ್ದರೆ ಪ್ಲಾನ್ ಕನ್ನಡಿಯಲ್ಲಿ ನೋಡಿದಂತೆ ಮಗುಚಿಕೊಳ್ಳುತ್ತದೆ. ಉದ್ದಗಲ ಎಲ್ಲಾ ಸರಿ, ಆದರೆ ಆಗ್ನೇಯದ ಅಡುಗೆಮನೆ ಈಶಾನ್ಯಕ್ಕೆ, ದೇವರಮನೆ ಆಗ್ನೇಯಕ್ಕೆ! ಎಷ್ಟು ತಿರುಗಿಸಿದರೂ ಸರಿಯಾಗುವುದಿಲ್ಲ, ಮಗುಚಲೇಬೇಕು. ವಾಸ್ತು ನಾನು ನಂಬುವುದಿಲ್ಲ, ಆದರೆ ಈ ತಪ್ಪನ್ನು ಮೊದಲು ಹಿಡಿಯುವವರು ವಾಸ್ತು ನೋಡುವವರೇ ಅನ್ನುವುದನ್ನು ಒಪ್ಪಬೇಕು.

ಇಷ್ಟೆಲ್ಲಾ ಆರ್‌ಸಿಸಿ ಮನೆಯ ಕಥೆ. ಕೊಪ್ಪಳ ಕಡೆಯ ಹಳೇ ಮಾಳಿಗೆ ಮನೆಗೆ ಬನ್ನಿ. ಬಾಗಿಲು ದಾಟಿದರೆ ಕೆಳಗೆ ದನ ಕಟ್ಟುವ ಜಾಗ, ಎರಡಡಿ ಮೇಲೆ ಪಡಸಾಲೆ. ಮಾಡೆಲ್‌ಗೆ ಗೊತ್ತಿರುವುದು ಒಂದೇ ನೆಲ. ಕ್ಯಾಮೆರಾ ಕೆಳಗಿನ ನೆಲದಿಂದ 1.6 ಮೀಟರ್ ಎತ್ತರದಲ್ಲಿದ್ದರೆ ಪಡಸಾಲೆಯಿಂದ ಅದು ಬರೀ ಒಂದು ಮೀಟರ್ ಮೇಲೆ. ಹಾಗಾಗಿ 10 ಅಡಿ ದೂರದ ಪಡಸಾಲೆ ಗೋಡೆ ಪ್ಲಾನ್‌ನಲ್ಲಿ 16 ಅಡಿಗೆ ಹೋಗಿ ಪಕ್ಕದ ಮನೆಯೊಳಗೆ ನಿಲ್ಲಬಹುದು.

ಇಂಥ ಆಪ್ ಮಾಡುವ ನಮ್ಮ ಹುಡುಗರಲ್ಲಿ ಒಂದು ಕೋರಿಕೆ. ಫೋಟೊ ಹೊಡೆದವರಿಂದ ಒಂದು ಬಾಗಿಲ ಅಗಲವನ್ನು ಟೇಪ್‌ನಲ್ಲಿ ಅಳೆಸಿ ತರಿಸಿಕೊಳ್ಳಿ. ಕ್ಯಾಮೆರಾ ಎತ್ತರ ಎಷ್ಟು, ಯಾವ ಅಕ್ಷ ಎತ್ತ ಅಂತ ಫೈಲಿನ ಮೊದಲ ಸಾಲಲ್ಲೇ ಬರೆಯಿರಿ. ಅಷ್ಟೂ ಆಗದಿದ್ದರೆ ಪ್ಲಾನ್ ಕೊಡಿ, ಅಡಿ ಬರೆಯಬೇಡಿ.